ಹೊಸ ವರ್ಷದ ಹಳೆಯ ಹಾಡುಗಳು

ಹೊಸ ವರ್ಷವನ್ನು ಬರಮಾಡಿಕೊಳ್ಳಲೆಂದು ಜನ ತಲೆಮಾರುಗಳಿಂದ ಹಾಡಿಕೊಂಡು ಬಂದಿರುವ ಹಾಡುಗಳನ್ನು ಸ್ವಲ್ಪ ಕಿವಿಗೊಟ್ಟು ಕೇಳಿದರೆ, ಅವುಗಳಲ್ಲಿ ಹೊಸ ವರ್ಷವೊಂದನ್ನು ಬಿಟ್ಟು ಬಹುಮಟ್ಟಿಗೆ ಉಳಿದೆಲ್ಲವೂ ಇರುವಂತೆ ತೋರುತ್ತದೆ. ಹಳೆಯ ಗೆಳೆಯರಿದ್ದಾರೆ, ಹಕ್ಕಿಯಿದೆ, ನೇಗಿಲಿದೆ, ದೂರದಿಂದ ನಡೆದು ಬರುವ ಸಂತನಿದ್ದಾನೆ, ಮನೆಯೊಡತಿಯ ಕೈಯಿಂದ ಬರಬೇಕಾದ ಕಾಸೂ ಇದೆ. ಅತಿಥಿಯ ಹೆಸರನ್ನೇ ಎತ್ತದೆ ಸ್ವಾಗತಗೀತೆ ಹಾಡುವ ಕ್ರಮ ಬೇರೆ ಯಾವ ಸಮಾರಂಭದಲ್ಲೂ ನಡೆಯಲಾರದು. ಸಭೆಯಲ್ಲಾದರೆ ಮುಖ್ಯ ಅತಿಥಿಗಳು ಮುನಿಸಿಕೊಂಡು ಎದ್ದೇ ಹೋದಾರು.

ಡಿಸೆಂಬರ್ 31ರ ನಡುರಾತ್ರಿಯ ಹಾಡೆಂದು ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರಾದ 'ಆಲ್ಡ್ ಲ್ಯಾಂಗ್ ಸೈನ್' ಅನ್ನೇ ನೋಡಬಹುದು. ಸ್ಕಾಟ್‌ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1788ರಲ್ಲಿ ಇದಕ್ಕೆ ಇಂದಿನ ರೂಪ ಕೊಟ್ಟ. ಮುದುಕನೊಬ್ಬ ಹಾಡಿದ್ದನ್ನು ಕೇಳಿ ಬರೆದುಕೊಂಡೆನೆಂದು ಅವನೇ ಹೇಳಿಕೊಂಡಿದ್ದಾನೆ. ಅಚ್ಚಾದದ್ದು 1796ರಲ್ಲಿ, ಕವಿ ತೀರಿಕೊಂಡ ವರ್ಷ. ಬಾಲ್ಯದಲ್ಲಿ ಬೆಟ್ಟದ ಮೇಲೆ ಹೂ ಕಿತ್ತುಕೊಂಡು ಓಡಿದ, ಹಳ್ಳದ ನೀರಿನಲ್ಲಿ ಮಧ್ಯಾಹ್ನದವರೆಗೆ ಆಡಿದ ಇಬ್ಬರು ಗೆಳೆಯರು, ನಡುವೆ ಸಮುದ್ರಗಳೇ ಬಂದು ಅಗಲಿದ ಎಷ್ಟೋ ಕಾಲದ ನಂತರ ಮತ್ತೆ ಕೈ ಹಿಡಿದು ಪಾನಪಾತ್ರೆ ಎತ್ತುತ್ತಾರೆ ಎನ್ನುವುದಷ್ಟೇ ಅದರ ಸಾರ. ಹೊಸ ವರ್ಷದ ಸುದ್ದಿ ಅದರ ಯಾವ ಚರಣದಲ್ಲಿಯೂ ಇಲ್ಲ. ಗೈ ಲೊಂಬಾರ್ಡೊ ಎಂಬ ವಾದ್ಯಗಾರನ ತಂಡ 1929ರ ವರ್ಷಾಂತ್ಯದ ರಾತ್ರಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಇದನ್ನು ನುಡಿಸಿ, ರೇಡಿಯೋ ಮೂಲಕ ಕೇಳಿಸಿ, ಮುಂದೆ ವರ್ಷವರ್ಷವೂ ಅದನ್ನೇ ಮುಂದುವರಿಸಿದ್ದರಿಂದ ಅಮೆರಿಕದ ನಡುರಾತ್ರಿಗೆ ಈ ಹಾಡು ಅಂಟಿಕೊಂಡಿತು. ಮೊದಲ ಚರಣ ಮುಗಿದ ಮೇಲೆ ಹಾಡುವವರಲ್ಲಿ ಹೆಚ್ಚಿನವರಿಗೆ ಸಾಹಿತ್ಯ ಬಾರದು. ಅದರಿಂದ ಯಾರ ಉತ್ಸಾಹವೂ ಕುಂದಿದ್ದಿಲ್ಲ.

ಧಾಟಿಯಂತೂ ಮಾತಿನ ಹಂಗನ್ನೇ ಬಿಟ್ಟು ಹೊರಟು ಹೋಯಿತು. ಜಪಾನಿನಲ್ಲಿ ಅದು 1881ರಷ್ಟು ಹಿಂದೆಯೇ ಶಾಲೆಯ ಹಾಡಿನ ಪುಸ್ತಕವನ್ನು ಸೇರಿ, ಮಿಂಚುಹುಳುವಿನ ಬೆಳಕಿನಲ್ಲಿ ಓದಿದವರ ಬೀಳ್ಕೊಡುಗೆಯ ಹಾಡಾಯಿತು. ಅಲ್ಲಿನ ಅಂಗಡಿಗಳು ಬಾಗಿಲು ಹಾಕುವ ಹೊತ್ತಾಯಿತೆಂದು ಗಿರಾಕಿಗಳಿಗೆ ತಿಳಿಸಲು ಇಂದಿಗೂ ಅದೇ ರಾಗವನ್ನು ನುಡಿಸುತ್ತವೆ, ವರ್ಷದ ಕೊನೆಯ ರಾತ್ರಿಯ ದೊಡ್ಡ ಸಂಗೀತ ಪ್ರಸಾರವೂ ಅದರಿಂದಲೇ ಮುಗಿಯುತ್ತದೆ. ಮಾಲ್ಡೀವ್ಸ್ 1972ರವರೆಗೆ ತನ್ನ ರಾಷ್ಟ್ರಗೀತೆಯನ್ನು ಇದೇ ಧಾಟಿಯಲ್ಲಿ ಹಾಡುತ್ತಿತ್ತು. ರವೀಂದ್ರನಾಥ ಠಾಕೂರರು ಹಳೆಯ ದಿನಗಳನ್ನು ನೆನೆಯುವ ತಮ್ಮ ಬಂಗಾಳಿ ಗೀತೆಯೊಂದಕ್ಕೆ ಇದನ್ನು ಆಧಾರವಾಗಿ ಇಟ್ಟುಕೊಂಡರು. ಅಂಗಡಿ ಮುಚ್ಚುವುದಕ್ಕೂ ವರ್ಷ ಮುಗಿಯುವುದಕ್ಕೂ ಒಂದೇ ರಾಗ ಸಾಕೆಂದು ಕಂಡುಕೊಂಡ ಜಪಾನಿನವರ ವಿವೇಚನೆಯನ್ನು ನಾನು ಮೆಚ್ಚುತ್ತೇನೆ.

ಋತುವನ್ನೇ ಮರೆತ ಹಾಡುಗಳೂ ಇವೆ. ಉಕ್ರೇನಿನ 'ಶ್ಚೆದ್ರಿಕ್' ಜನಪದ ಹಾಡನ್ನು ಮಿಕೊಲಾ ಲಿಯೊಂಟೊವಿಚ್ ಗಾಯನವೃಂದಕ್ಕೆ ಅಳವಡಿಸಿ, 1916ರಲ್ಲಿ ಕೀವ್ ನಗರದಲ್ಲಿ ಅದು ಮೊದಲು ಕೇಳಿಬಂತು. ನಾಲ್ಕೇ ಸ್ವರಗಳ ಒಂದು ತುಣುಕು ಮತ್ತೆ ಮತ್ತೆ ಸುತ್ತುವ ಆ ಹಾಡಿನಲ್ಲಿ ಕವಲು ಬಾಲದ ಸ್ವಾಲೋ ಹಕ್ಕಿಯೊಂದು ಹಾರಿ ಬಂದು, ಯಜಮಾನರೇ ಹೊರಗೆ ಬನ್ನಿ, ನಿಮ್ಮ ಕುರಿಗಳು ಮರಿ ಹಾಕಿವೆ, ಇನ್ನು ಕೈತುಂಬ ಹಣ ಓಡಾಡುತ್ತದೆ, ನಿಮ್ಮ ಹೆಂಡತಿಯೂ ಕಪ್ಪು ಹುಬ್ಬಿನ ಚೆಲುವೆ ಎಂದು ಒಂದೇ ಉಸಿರಿನಲ್ಲಿ ಚಿಲಿಪಿಲಿಗುಟ್ಟುತ್ತದೆ. ಹಾಡುವುದು ಜನವರಿಯ ಹಿಮದಲ್ಲಿ, ಆದರೆ ಆ ಹಕ್ಕಿ ಉಕ್ರೇನಿಗೆ ಮರಳುವುದು ವಸಂತದಲ್ಲಿ. ಒಂದು ಕಾಲಕ್ಕೆ ಅಲ್ಲಿ ವರ್ಷ ಆರಂಭವಾಗುತ್ತಿದ್ದದ್ದೇ ವಸಂತದಲ್ಲಿ ಎಂದು ಇದಕ್ಕೆ ಕಾರಣ ಹೇಳುತ್ತಾರೆ: ಪಂಚಾಂಗ ಚಳಿಗಾಲಕ್ಕೆ ಸರಿಯಿತು, ಹಾಡು ಹಕ್ಕಿಯನ್ನು ಬಿಟ್ಟುಕೊಡಲಿಲ್ಲ. 1936ರಲ್ಲಿ ಅಮೆರಿಕದಲ್ಲಿ ಇದೇ ರಾಗಕ್ಕೆ ಗಂಟೆಗಳನ್ನು ಕುರಿತ ಇಂಗ್ಲಿಷ್ ಮಾತುಗಳು ಕೂಡಿ ಅದು ಕ್ರಿಸ್‌ಮಸ್ ಗೀತೆಯೇ ಆಗಿಬಿಟ್ಟಾಗ ಪಾಪ, ಹಕ್ಕಿಗೂ ಜಾಗ ಉಳಿಯಲಿಲ್ಲ.

ವಸಂತದಲ್ಲಿಯೇ ವರ್ಷ ತೊಡಗುವ ಕಡೆಗಳಲ್ಲಿ ಹಾಡಿಗೆ ಈ ಗೊಂದಲವಿಲ್ಲ, ಆದರೆ ಉಪಚಾರದ ಮಾತೂ ಇಲ್ಲ. ಢಾಕಾದ ರಮ್ನಾ ಉದ್ಯಾನದಲ್ಲಿ 1967ರಿಂದ ಬಂಗಾಳಿ ವರ್ಷದ ಮೊದಲ ಬೆಳಿಗ್ಗೆ ಮರದಡಿಯಲ್ಲಿ ಸೇರಿ ಹಾಡುವ (ಆಲದಡಿ ಎಂದೇ ಪ್ರಸಿದ್ಧವಾದ ಆ ಜಾಗದ ಮರ ಅರಳಿಮರವೆಂಬುದು ಬೇರೆ ಮಾತು) ಠಾಕೂರರ ವೈಶಾಖ ಗೀತೆ, ತಪಸ್ವಿಯ ಉಸಿರಿನಿಂದ ಹಳೆಯ ವರ್ಷದ ಕಸವನ್ನೆಲ್ಲ ದೂರ ತೂರು, ಭೂಮಿಯನ್ನು ಬೆಂಕಿಯಲ್ಲಿ ಮೀಯಿಸು ಎಂದು ಬಿರುಬಿಸಿಲಿನ ತಿಂಗಳಿಗೆ ಆಜ್ಞೆಯನ್ನೇ ಮಾಡುತ್ತದೆ. ಕನ್ನಡದಲ್ಲಿ ಯುಗಾದಿಯ ಹಾಡೆಂದೊಡನೆ ಎಲ್ಲರ ನಾಲಿಗೆಗೂ ಬರುವ ಬೇಂದ್ರೆಯವರ ಗೀತೆ ಇನ್ನೂ ಮುಂದೆ ಹೋಗಿ ತಕರಾರು ತೆಗೆಯುತ್ತದೆ. ಗಿಡಮರಗಳಿಗೆ ವರ್ಷಕ್ಕೊಮ್ಮೆ ಹೊಸ ಹುಟ್ಟಿರುವಾಗ ಮನುಷ್ಯನಿಗೆ ಮಾತ್ರ ಒಂದೇ ಬಾಲ್ಯ, ಒಂದೇ ಹರೆಯ ಏಕೆಂದು ಕೇಳುವ ಆ ಸಾಲುಗಳು, 1963ರ 'ಕುಲವಧು' ಚಿತ್ರದಲ್ಲಿ ಎಸ್. ಜಾನಕಿಯವರ ಕಂಠದಿಂದ ಬಂದ ಮೇಲೆ, ಹಬ್ಬದ ಸಡಗರದ ಹಾಡಾಗಿಯೇ ನಿಂತಿವೆ. ಕೇಳಿದ ಪ್ರಶ್ನೆ ಎಷ್ಟು ದೊಡ್ಡದೆಂಬುದು ರಾಗದ ಹುಮ್ಮಸ್ಸಿನಲ್ಲಿ ಯಾರ ಗಮನಕ್ಕೂ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಬಾಗಿಲಿಗೆ ಬಂದು ಹಾಡುವ ಹಾಡುಗಳು, ಏಕೆಂದರೆ ಅವು ತಮ್ಮ ಉದ್ದೇಶವನ್ನು ಮುಚ್ಚಿಡುವುದಿಲ್ಲ. ಗ್ರೀಸಿನ ಮಕ್ಕಳು ಉಕ್ಕಿನ ತ್ರಿಕೋನವನ್ನು ಬಡಿಯುತ್ತಾ ಮನೆಮನೆಗೆ ಬಂದು, 'ಹೇಳೋಣವೇ?' ಎಂದು ಮೊದಲು ಅಪ್ಪಣೆ ಕೇಳುತ್ತಾರೆ. ಆಮೇಲೆ ಲೇಖನಿ, ಕಾಗದ ಹಿಡಿದು ಬರುತ್ತಿರುವ ಸಂತ ಬೇಸಿಲನ ಹಾಡು. ರುಮೇನಿಯಾದ 'ಪ್ಲುಗುಶೊರುಲ್', ಅಂದರೆ ಪುಟ್ಟ ನೇಗಿಲಿನ ಹಾಡು, ಉತ್ತಿದ್ದು, ಬಿತ್ತಿದ್ದು, ಕೊಯ್ದದ್ದು, ಬೀಸಿದ್ದು, ರೊಟ್ಟಿ ಸುಟ್ಟಿದ್ದು ಎಲ್ಲವನ್ನೂ ಒಂದರ ಹಿಂದೊಂದು ಹೇಳಿ ಮುಗಿಸುತ್ತದೆ, ನಡುವೆ ಚಾಟಿ ಬೀಸಿದ ಸದ್ದು, ಗೂಳಿಯಂತೆ ಗುಟುರು ಹಾಕುವ ಒಂದು ವಾದ್ಯ. ಹೊರಗೆ ನೆಲವೆಲ್ಲ ಹೆಪ್ಪುಗಟ್ಟಿರುವಾಗ ಇಡೀ ಬೇಸಾಯವನ್ನು ಹೊಸ್ತಿಲಿನಲ್ಲಿಯೇ ಮಾಡಿ ಮುಗಿಸುವ ಈ ಧೈರ್ಯದ ಮುಂದೆ ಬೇರೆ ಹಾರೈಕೆಗಳು ಸಪ್ಪೆ.

ವೇಲ್ಸಿನ ಮಕ್ಕಳ 'ಕಲೆನ್ನಿಗ್' ಹಾಡಿಗಾದರೋ ಗಡುವು ಇದೆ. ಜನವರಿ 1ರ ಮಧ್ಯಾಹ್ನ ಹನ್ನೆರಡರೊಳಗೆ ಬಾಗಿಲಿಗೆ ಬಂದು ಹಾಡಿದವರಿಗೆ ಕಾಸು, ಸಿಹಿ ಸಿಗುತ್ತದೆ. ತಡವಾಗಿ ಬಂದ ಕಂಠ ಎಷ್ಟೇ ಇಂಪಾಗಿದ್ದರೂ ಬರಿಗೈ. ಆದರೆ ಅಲ್ಲಿನ ಗ್ವೌನ್ ಕಣಿವೆಯ ಜನ, 1752ರಲ್ಲಿ ಬ್ರಿಟನ್ ಪಂಚಾಂಗ ಬದಲಿಸಿ ಹನ್ನೊಂದು ದಿನಗಳನ್ನು ಕೈಬಿಟ್ಟ ನಿರ್ಧಾರವನ್ನು ಈವರೆಗೆ ಪೂರ್ತಿ ಒಪ್ಪಿಕೊಂಡಂತಿಲ್ಲ. ಅವರು ಹಳೆಯ ಹೊಸ ವರ್ಷವನ್ನು ಜನವರಿ 13ರಂದು ಆಚರಿಸುತ್ತಾರೆ, ಮಕ್ಕಳು ಅಂದೂ ಮನೆಮನೆಗೆ ಹಾಡುತ್ತಾ ಹೋಗುತ್ತಾರೆ. ಒಂದನೆಯ ತಾರೀಕು ಎದ್ದದ್ದು ತಡವಾಯಿತೆಂದು ಕೊರಗುವ ಮಗುವಿಗೆ ಆ ಕಣಿವೆಯ ಕಡೆ ನೆಂಟರಿದ್ದರೆ ಒಳ್ಳೆಯದು.