ಬೆವರುವ ಬೆರಳಿನ ಗೆಳೆಯ ಮತ್ತು ನನ್ನ ಮೊದಲನೆಯ ತಂತಿ

ಹೊಸ ತಂತಿಗಳನ್ನು ಹಾಕಿ ವಾರವಿನ್ನೂ ತುಂಬಿಲ್ಲ, ಆಗಲೇ ನನ್ನ ಗಿಟಾರಿನ ಮೊದಲನೆಯ ತಂತಿಯ ಮೇಲೆ ಕಂದು ಚುಕ್ಕೆಗಳು ಮೂಡಿವೆ. ಬೆರಳನ್ನು ಅದರುದ್ದಕ್ಕೂ ಜಾರಿಸಿದರೆ ಸಣ್ಣಗೆ ಗರಗರ ಎನ್ನುತ್ತದೆ. ಗಿಟಾರ್ ಇಟ್ಟುಕೊಂಡವರಿಗೆಲ್ಲ ಈ ಗರಗರದ ಸಂಕಟ ಗೊತ್ತು. ಗೊತ್ತಿಲ್ಲದವರು ಗಿಟಾರ್ ಇಲ್ಲದವರು. ನಮ್ಮ ಮನೆಗೆ ಬಂದು ನಮ್ಮ ಗಿಟಾರನ್ನು ಕೈಗೆತ್ತಿಕೊಳ್ಳುವವರೂ ಅವರೇ.

ಆರು ತಂತಿಗಳಲ್ಲಿ ತುಕ್ಕು ಮೊದಲು ಹಿಡಿಯುವುದು ತೆಳ್ಳಗಿನ ಎರಡನ್ನು. ಅಕೂಸ್ಟಿಕ್ ಗಿಟಾರಿಗೆ ಸಾಮಾನ್ಯವಾಗಿ ಹಾಕುವ ಲೈಟ್ ಸೆಟ್ಟಿನಲ್ಲಿ ಎಲ್ಲಕ್ಕಿಂತ ತೆಳ್ಳಗಿನದಾದ ಮೊದಲನೆಯ ತಂತಿಯ ದಪ್ಪ 0.012 ಅಂಗುಲ, ಅಂದರೆ ಸುಮಾರು 0.3 ಮಿಲಿಮೀಟರ್. ಹೆಚ್ಚು ಇಂಗಾಲವುಳ್ಳ ಉಕ್ಕಿನ ಆ ಬಡಕಲು ಎಳೆಗೆ ಇರುವ ರಕ್ಷಣೆಯೆಲ್ಲ ಒಂದು ತೆಳುವಾದ ತವರದ ಲೇಪ. ಅಷ್ಟರ ಮೇಲೆ ಅದು ಹಗಲೂ ರಾತ್ರಿಯೂ ಸುಮಾರು 10 ಕಿಲೋಗ್ರಾಂ ಸೆಳೆತವನ್ನು ತಾಳಿಕೊಂಡಿರಬೇಕು. ತುಕ್ಕು ಒಂದು ಸಣ್ಣ ಗುಳಿ ತೋಡಿದರೂ ಸಾಕು, ಶ್ರುತಿ ಮಾಡುವಾಗ ಫಟ್ಟೆಂದು ಮುಖದ ಬಳಿಯೇ ಕಡಿಯುತ್ತದೆ. ಉಳಿದ ನಾಲ್ಕು ತಂತಿಗಳ ಉಕ್ಕಿನ ತಿರುಳಿಗೆ ಕಂಚಿನ ಎಳೆಯನ್ನು ಸುತ್ತಿರುತ್ತಾರೆ. ಕಂಚಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದು ಮೆಲ್ಲಗೆ ಕಿಲುಬುಗಟ್ಟುತ್ತದೆ, ಮತ್ತು ಸುತ್ತುಗಳ ಸಂದಿಯಲ್ಲಿ ಬೆರಳಿನ ಜಿಡ್ಡನ್ನೂ ಸತ್ತ ಚರ್ಮದ ಪುಡಿಯನ್ನೂ ಭದ್ರವಾಗಿ ಕೂಡಿಟ್ಟುಕೊಂಡು ದನಿಯನ್ನು ಮಂಕುಮಾಡಿಕೊಳ್ಳುತ್ತದೆ. ಇದಕ್ಕೆಲ್ಲ ಮೂಲ ಬೆವರು: ನೀರು, ಉಪ್ಪು, ಸ್ವಲ್ಪ ಲ್ಯಾಕ್ಟಿಕ್ ಆಮ್ಲ. ಎಲ್ಲರ ಬೆವರೂ ಒಂದೇ ಅಲ್ಲ; ಕೆಲವರು ಮುಟ್ಟಿದ ತಂತಿ ತಿಂಗಳುಗಟ್ಟಲೆ ಹೊಳೆಯುತ್ತದೆ, ಕೆಲವರು ಮುಟ್ಟಿದ್ದು ಬೆಳಗಾಗುವುದರೊಳಗೆ ಕಪ್ಪಿಡುತ್ತದೆ.

ನನ್ನ ಗೆಳೆಯನೊಬ್ಬ ಎರಡನೆಯ ಪಂಗಡದ ಅಗ್ರಗಣ್ಯ. ಅವನಿಗೆ ಬರುವುದು ಒಂದೇ ಹಾಡು, ಅದರಲ್ಲಿಯೂ ಪೀಠಿಕೆಯ ಅರ್ಧ. ಗೋಡೆಯಿಂದ ಗಿಟಾರನ್ನು ಇಳಿಸಿಕೊಂಡವನು ಮೊದಲು ಅಖಾಡಕ್ಕಿಳಿಯುವ ಪೈಲ್ವಾನನಂತೆ ಎರಡೂ ಅಂಗೈಗಳನ್ನು ಬಿಸಿಯೇರುವಂತೆ ಉಜ್ಜುತ್ತಾನೆ. ಬೆವರು ಸಾಲದೆಂಬಂತೆ ಅವುಗಳ ಮೇಲೆ ಬಾಯಿಯಿಂದ ಹಬೆಯನ್ನೂ ಊದುತ್ತಾನೆ. ಬಳಿಕ ತನಗೆ ತಿಳಿದಷ್ಟು ನುಡಿಸಿ, ತಿಳಿಯದ ಜಾಗ ಬಂದಾಗ ನಿಂತು, ಅಂಗೈಯನ್ನು ತಂತಿಗಳ ಮೇಲೆ ಚಪ್ಪಟೆಯಾಗಿ ಇರಿಸಿ ಮಾತಿಗೆ ತೊಡಗುತ್ತಾನೆ. ಕಚೇರಿ, ರಾಜಕೀಯ, ಅವನ ಸೊಂಟನೋವು, ಎಲ್ಲವೂ ಬರುತ್ತವೆ. ಕೈ ಮಾತ್ರ ಅಲ್ಲಿಂದ ಏಳುವುದಿಲ್ಲ. ಅವನ ಮುಖ ನೋಡಿ ತಲೆದೂಗುತ್ತಿದ್ದರೂ ನನ್ನ ಕಣ್ಣೆಲ್ಲ ಆ ಅಂಗೈಯ ಅಡಿಯಲ್ಲಿ ನಡೆಯುತ್ತಿರುವ ರಸಾಯನಶಾಸ್ತ್ರದ ಮೇಲೆ.

ತಡೆಯಲಾರದೆ ಒಮ್ಮೆ ಹತ್ತಿಬಟ್ಟೆಯೊಂದನ್ನು ಅವನ ಕೈಗಿತ್ತೆ. ಸೂಚನೆ ಅರ್ಥವಾಯಿತೆಂದು ನಕ್ಕ. ಗಿಟಾರಿನ ಬೆನ್ನನ್ನು ಕನ್ನಡಿ ಹೊಳೆಯುವಷ್ಟು ಒರೆಸಿದ, ಪಕ್ಕೆಗಳನ್ನು ಒರೆಸಿದ, ಶ್ರುತಿಯ ಬಿರಟೆಗಳನ್ನು ಒಂದೊಂದಾಗಿ ತಿಕ್ಕಿದ, ಕೊನೆಗೆ ಅದೇ ಬಟ್ಟೆಯಲ್ಲಿ ತನ್ನ ಹಣೆಯನ್ನು ಒರೆಸಿಕೊಂಡು ನನಗೆ ಮರಳಿಸಿದ. ತಂತಿಗಳನ್ನು ಮಾತ್ರ ಮುಟ್ಟಲಿಲ್ಲ. ಹೊರಡುವಾಗ, "ತಂತಿಗಳು ಮಂಕಾಗಿವೆ, ಬದಲಾಯಿಸಬಾರದೇ?" ಎಂದು ಹಿತವಚನವನ್ನೂ ಹೇಳಿದ.

ಹಿತವಚನಗಳಲ್ಲಿ ಅವನು ಎಂದೂ ಬಡವನಲ್ಲ. ಬಾಗಿಲ ತಿರುಗಣಿಗೆ ಸಿಂಪಡಿಸುವ ಎಣ್ಣೆಯನ್ನೇ ತಂತಿಗೂ ಹೊಡೆ ಎಂದ. ಅದು ಸುತ್ತುಗಳ ಸಂದಿಗಿಳಿದು ಕೊಳೆಗೆ ಅಂಟಾಗಿ, ಕೆಳಗಿನ ಮರಕ್ಕೂ ಹರಡುತ್ತದೆಂದೆ. ಹಳೆಯ ತಂತಿಗಳನ್ನು ಬಿಚ್ಚಿ ನೀರಿನಲ್ಲಿ ಕುದಿಸು ಎಂದ. ಬಾಸ್ ಗಿಟಾರ್ ನುಡಿಸುವವರು ಹಾಗೆ ಮಾಡುವುದುಂಟು. ಜಿಡ್ಡು ಬಿಟ್ಟು ದನಿ ಒಂದಷ್ಟು ಹೊತ್ತು ತಿಳಿಯಾಗುತ್ತದೆ, ತುಕ್ಕೇನೂ ಹೋಗುವುದಿಲ್ಲ. ಅಮೆರಿಕದ ಮೋಟೌನ್ ಧ್ವನಿಮುದ್ರಣ ಸಂಸ್ಥೆಯ ಬಾಸ್ ವಾದಕ ಜೇಮ್ಸ್ ಜೇಮರ್ಸನ್ ತಂತಿ ಕಡಿಯುವ ತನಕ ಬದಲಾಯಿಸುತ್ತಲೇ ಇರಲಿಲ್ಲವೆಂಬುದನ್ನು ಅವನು ಎಲ್ಲಿಯೋ ಓದಿಕೊಂಡಿದ್ದ. ಅವು ಚಪ್ಪಟೆ ಪಟ್ಟಿ ಸುತ್ತಿದ ದಪ್ಪ ಬಾಸ್ ತಂತಿಗಳು, ನುಡಿಸಿದಾತ ಜೇಮರ್ಸನ್, ಈ ಎರಡು ವಿವರಗಳು ಅವನಿಗೆ ಮುಖ್ಯವೆನಿಸಲಿಲ್ಲ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ನುಡಿಸುವ ಮುನ್ನ ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಬೇಕು. ನುಡಿಸಿದ ಮೇಲೆ ಪ್ರತಿಯೊಂದು ತಂತಿಯನ್ನೂ ಒಣಬಟ್ಟೆಯಲ್ಲಿ ಚಿವುಟಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಎಳೆಯಬೇಕು, ಏಕೆಂದರೆ ಎಲ್ಲರೂ ಮರೆಯುವ ಅಡಿಭಾಗದಲ್ಲಿಯೇ ತೇವ ಉಳಿಯುವುದು. ವಾದ್ಯವನ್ನು ಪೆಟ್ಟಿಗೆಯಲ್ಲಿರಿಸಿ ಒಳಗಿನ ತೇವಾಂಶವನ್ನು ಶೇಕಡಾ 45ರಿಂದ 55ರ ನಡುವೆ ಕಾಯ್ದುಕೊಂಡರೆ ಒಳ್ಳೆಯದು. ತಂತಿಯ ಮೇಲಿನ ಅತಿಕಾಳಜಿಯಿಂದ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ರಾಶಿ ಹಾಕಿದರೆ ತಂತಿ ಉಳಿದು ಮರ ಬಿರಿಯುತ್ತದೆ. ಪಾಲಿಮರ್ ಲೇಪವಿರುವ ಕೋಟೆಡ್ ತಂತಿಗಳು ಬೆಲೆ ಹೆಚ್ಚಾದರೂ ಹೆಚ್ಚು ಕಾಲ ಬಾಳುತ್ತವೆ. ಬೆವರು ಜೋರಾಗಿರುವವರಿಗೆ ನನ್ನ ಮತ ಅವಕ್ಕೇ.

ತುಕ್ಕನ್ನು ಗೆದ್ದರೂ ಸವೆತವನ್ನು ಗೆಲ್ಲಲಾಗದು. ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ, ತಾಮ್ರ, ನಿಕಲ್, ಸತುವುಗಳ ಮಿಶ್ರಲೋಹದ ಪಟ್ಟಿಗಳಾದ ಫ್ರೆಟ್ಟುಗಳಿಗೆ ದಿನವೂ ಅದುಮಿಸಿಕೊಳ್ಳುವ ತಂತಿ ಅಲ್ಲಲ್ಲಿ ಚಪ್ಪಟೆಯಾಗುತ್ತದೆ. ಬೆರಳಿಡದ ಬಿಡಿ ತಂತಿ ಶ್ರುತಿಯಲ್ಲಿದ್ದರೂ ಹನ್ನೆರಡನೆಯ ಫ್ರೆಟ್ಟಿನಲ್ಲಿ ಅಪಸ್ವರ ಹೊರಡುತ್ತದೆ. ಇನ್ನು ಹೊಸ ತಂತಿಯ ಆ ಗಾಜಿನಂಥ ಝೇಂಕಾರ, ಅದು ತುಕ್ಕಿಗೂ ಸವೆತಕ್ಕೂ ಮೊದಲೇ, ಕೆಲವೇ ಗಂಟೆಗಳ ವಾದನದಲ್ಲಿ ಹೇಳದೆ ಕೇಳದೆ ಹೊರಟುಹೋಗುತ್ತದೆ. ಆ ಮೊದಲ ಗಂಟೆಗಳನ್ನು ನಾನೇ ಪೂರ್ತಿಯಾಗಿ ನುಡಿಸಿದ ಒಂದು ಸೆಟ್ಟೂ ಈಚೆಗೆ ನೆನಪಾಗುತ್ತಿಲ್ಲ.

ಆದ್ದರಿಂದ ನಿನ್ನೆ ಅವನು ಬರುವ ಸುಳಿವು ಸಿಕ್ಕೊಡನೆ ಉಕ್ಕಿನ ತಂತಿಯ ಗಿಟಾರನ್ನು ಪೆಟ್ಟಿಗೆಗೆ ಸೇರಿಸಿ, ಮೂಲೆಯಲ್ಲಿದ್ದ ಹಳೆಯ ಕ್ಲಾಸಿಕಲ್ ಗಿಟಾರನ್ನು ಗೋಡೆಗೆ ತೂಗುಹಾಕಿದೆ. ಅದರ ತಾರಸ್ವರದ ಮೂರು ತಂತಿಗಳು ಬರಿಯ ನೈಲಾನ್. ಅವನೇನು, ಸಮುದ್ರವೇ ಬಂದು ನುಡಿಸಿದರೂ ತುಕ್ಕು ಹಿಡಿಯಲಾರದು. ಅವನು ಅಂಗೈ ಉಜ್ಜಿ, ಹಬೆ ಊದಿ, ಅರ್ಧ ಪೀಠಿಕೆ ನುಡಿಸಿ, ತಂತಿಗಳನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ಪರೀಕ್ಷಿಸಿದ. "ನೋಡು, ಇಷ್ಟು ಹಳೆಯದಾದರೂ ಒಂದು ಚುಕ್ಕೆ ತುಕ್ಕಿಲ್ಲ," ಎಂದ. "ಆ ಇನ್ನೊಂದನ್ನೂ ನೀನು ಹೀಗೇ ನೋಡಿಕೊಳ್ಳಬೇಕಿತ್ತು."