ಬರೆ ಕುಸಿಯುವ ಊರಿಗೆ ಎಂಥ ಲ್ಯಾಬ್ ಬೇಕು?

ಅಮೆರಿಕದ ಕಾಲೇಜುಗಳಲ್ಲಿ ಇತಿಹಾಸ, ಸಂಗೀತ ಓದುವವರೂ ಸಾಮಾನ್ಯವಾಗಿ ಒಂದು ವಿಜ್ಞಾನದ ಲ್ಯಾಬ್ ಮುಗಿಸಬೇಕು. ಸುಲಭ ಅಂದುಕೊಂಡು ತುಂಬಾ ಜನ ಭೂವಿಜ್ಞಾನ ಹಿಡಿಯುತ್ತಾರೆ. ನಾನು ಕೆಲಸ ಮಾಡುವುದು ಅಂಥದ್ದೇ ಒಂದು ಲ್ಯಾಬಿನಲ್ಲಿ. 2020ರಲ್ಲಿ ಕೋವಿಡ್ ಬಂದಾಗ ಪಾಠವೆಲ್ಲ ಕಂಪ್ಯೂಟರಿಗೆ ಹೋಯಿತು. ಆಮೇಲೆ ಅರ್ಧ ಅಲ್ಲೇ ಉಳಿಯಿತು. ಮಳೆಗೆ ಬರೆ, ಅಂದರೆ ಗುಡ್ಡ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ, ಕುಸಿಯುವ ಕೊಡಗಿನ ಮಡಿಕೇರಿ ಕಡೆ ಮೇಷ್ಟರಾಗಿರುವ ಗೆಳೆಯರು, "ಅದನ್ನೇ ನಮ್ಮ ಮಕ್ಕಳಿಗೂ ತರಿಸೋಣ ಅಲ್ವಾ?" ಅನ್ನುತ್ತಾರೆ. ಪೂರ್ತಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕಲ್ಲು ಗುರುತಿಸುವ ಪಾಠವನ್ನಂತೂ ತರಲೇಬೇಡಿ. ಕಲ್ಲು ಎಷ್ಟು ಗಟ್ಟಿ ಅಂತ ತಿಳಿಯುವುದಕ್ಕೆ ಅದನ್ನು ಗಾಜಿನ ಮೇಲೆ ಉಜ್ಜಿ ನೋಡುತ್ತಾರೆ. ತೆರೆಯ ಮೇಲೆ ಖನಿಜದ ಚಿತ್ರ ಎಳೆದು ಗಾಜಿನ ಮೇಲಿಟ್ಟರೆ ಗೀರು ತಾನಾಗಿ ಮೂಡುತ್ತದೆ. ಕೈಯಲ್ಲಿ ಉಜ್ಜಿದರೆ ಹಾಗಲ್ಲ. ಕಂಡದ್ದು ಗೀರೋ, ಕಲ್ಲಿನ ಪುಡಿಯೋ ಅಂತ ಅನುಮಾನ ಬರುತ್ತದೆ. ಬೆರಳಲ್ಲಿ ಒರೆಸಿ ನೋಡಬೇಕು. ಮೃದು ಕಲ್ಲಾದರೆ ಪುಡಿ ಹೋಗುತ್ತದೆ, ಗಾಜು ಹಾಗೇ ಇರುತ್ತದೆ. ಈ ಅನುಮಾನವನ್ನು ತೆಗೆದುಬಿಟ್ಟರೆ ಕಲಿಯುವುದಕ್ಕೆ ಏನು ಉಳಿಯಿತು?

ಕೊಡಗಿನಲ್ಲಿ ಚಾರ್ನೊಕೈಟ್ ಕಲ್ಲು ರಸ್ತೆ ಬದಿಯಲ್ಲೇ ಸಿಗುತ್ತದೆ. ಹೊರಗೆ ಕಂದು, ಒಡೆದರೆ ಒಳಗೆ ಎಣ್ಣೆ ಸವರಿದ ಹಾಗೆ ಕಪ್ಪು ಹಸಿರು. ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್‌ನ ಕೋಲ್ಕತ್ತದ ಗೋರಿಕಲ್ಲು ಇದೇ ಜಾತಿಯದು; ಅದರಿಂದಾಗಿ 1893ರಲ್ಲಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಇಟ್ಟ ಹೆಸರು ಅದು. ಕೊಡಗಿನ ಕೆಲವು ಬಂಡೆಗಳ ವಯಸ್ಸು 300 ಕೋಟಿ ವರ್ಷ ದಾಟುತ್ತದೆ. ಇದನ್ನು ಬಿಟ್ಟು ಯಾವುದೋ ದೇಶದ ಗ್ರಾನೈಟಿನ ಫೋಟೋವನ್ನು ಮೌಸಿನಲ್ಲಿ ತಿರುಗಿಸುತ್ತಾ ಕೂರಬೇಕಾ?

ನಕ್ಷೆಯ ಪಾಠದ ವಿಷಯ ಬೇರೆ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆ ಓದುವುದಕ್ಕೆ ಹೊಸಬರು ಒದ್ದಾಡುತ್ತಾರೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಇದಕ್ಕೆ ಒಂದು ಮರಳಿನ ತೊಟ್ಟಿ ಮಾಡಿದ್ದಾರೆ. ಕೈಯಲ್ಲಿ ಮರಳು ಗುಡ್ಡೆ ಹಾಕಿದರೆ ಮೇಲಿನ ಕ್ಯಾಮೆರಾ ಎತ್ತರ ಅಳೆಯುತ್ತದೆ, ಪ್ರೊಜೆಕ್ಟರ್ ಅದರ ಮೇಲೇ ಗೆರೆ ಮೂಡಿಸುತ್ತದೆ. ಗುಡ್ಡ ಕಡಿದಾದಷ್ಟೂ ಗೆರೆಗಳು ಒತ್ತೊತ್ತಾಗುತ್ತವೆ. ಇಂಥದ್ದು ಬರಲಿ.

ತೊಟ್ಟಿಗೆ ದುಡ್ಡಿಲ್ಲದಿದ್ದರೆ ಗೂಗಲ್ ಅರ್ಥ್ ಸಾಕು. ಮಕ್ಕಂದೂರು, ಜೋಡುಪಾಲದ ಹಳೆಯ ಚಿತ್ರಗಳನ್ನು ತೆಗೆದು, 2018ರ ಆಗಸ್ಟಿನ ಭೂಕುಸಿತಕ್ಕೆ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಅಂತ ಹೋಲಿಸಲಿ. ಕ್ಯೂಜಿಐಎಸ್ ನಕ್ಷೆ ಮಾಡುವ ಪುಕ್ಕಟೆ ಸಾಫ್ಟ್‌ವೇರ್. 2000ರಲ್ಲಿ ನಾಸಾದ ನೌಕೆ ಅಳೆದ ನೆಲದ ಎತ್ತರದ ಲೆಕ್ಕವೂ ಪುಕ್ಕಟೆ. ಅದನ್ನು ಹಾಕಿದರೆ ಊರಿನ ಇಳಿಜಾರಿನ ನಕ್ಷೆ ಬರುತ್ತದೆ.

ಆದರೆ ಒಂದು ತೊಡಕಿದೆ. ಆ ಲೆಕ್ಕ ನೆಲವನ್ನು ಸುಮಾರು 30 ಮೀಟರ್ ಅಗಲದ ಚೌಕಗಳಾಗಿ ಮಾಡಿ, ಒಂದೊಂದಕ್ಕೂ ಒಂದೇ ಎತ್ತರ ಕೊಡುತ್ತದೆ. ಮನೆ ಕಟ್ಟುವುದಕ್ಕೋ, ಹೋಂಸ್ಟೇಗೋ ಗುಡ್ಡ ಕಡಿದು ನಿಲ್ಲಿಸಿದ ಬರೆ ಅಷ್ಟು ಅಗಲ ಇರುವುದಿಲ್ಲ. ನಕ್ಷೆ ಅದನ್ನು ಸುಮ್ನೆ ಸಾಧಾರಣ ಇಳಿಜಾರು ಅಂತ ತೋರಿಸುತ್ತದೆ. ಮಳೆ ಜೋರಾದಾಗ ಜನರ ತಲೆ ಮೇಲೆ ಬೀಳುವುದು ಅದೇ ಬರೆ.

ಹಾಗಾಗಿ ನಕ್ಷೆ ಮುಗಿದ ಮೇಲೆ ಮಕ್ಕಳು ಹೊರಗೆ ಹೋಗಬೇಕು. ಕೋನ ಅಳೆಯುವುದಕ್ಕೆ ಮೊಬೈಲ್ ಸಾಕು, ಎತ್ತರಕ್ಕೆ ಟೇಪ್. ಮೇಲೆ ನೀರು ಹೋಗುವುದಕ್ಕೆ ಚರಂಡಿ ಇದೆಯಾ, ಮಣ್ಣಿನ ಕೆಳಗೆ ಗಟ್ಟಿ ಬಂಡೆ ಎಲ್ಲಿ ಶುರುವಾಗುತ್ತದೆ ಅಂತ ಬರೆದುಕೊಳ್ಳಬೇಕು. ನಾನಿಲ್ಲಿ ನೋಡಿದ ಯಾವ ಕಂಪ್ಯೂಟರ್ ಪಾಠದ ಪ್ಯಾಕೇಜಿನಲ್ಲೂ ಈ ಪಾಠ ಇಲ್ಲ. ಕೊಡಗಿನ ಮೇಷ್ಟರೇ ಬರೆಯಬೇಕು, ಫೆಬ್ರವರಿ ಮಾರ್ಚಿನಲ್ಲೇ ಮಾಡಿಸಬೇಕು. ಜೂನ್ ಬಂತೆಂದರೆ ಬರೆ ಬುಡಕ್ಕೆ ಮಕ್ಕಳನ್ನು ಕಳಿಸುವಂತಿಲ್ಲ.