ಇಳಿಯುವಾಗ ಇಸ್ಕೊಳ್ಳಿ

ಜಾಮೀನು ಕೇಳದೆ, ಅರ್ಜಿ ತುಂಬಿಸದೆ, ಬಡ್ಡಿಯ ಮಾತನ್ನೇ ಎತ್ತದೆ ಬೆಳಗಿನಿಂದ ರಾತ್ರಿಯವರೆಗೆ ಸಾಲದ ವ್ಯವಹಾರ ನಡೆಯುವ ಜಾಗವೊಂದು ಬೆಂಗಳೂರಿನಲ್ಲಿ ಇದ್ದರೆ ಅದು ಸಿಟಿ ಬಸ್ಸು. ಇಲ್ಲಿ ಸಾಲ ಕೊಡುವವನು ಕಂಬಿ ಹಿಡಿದು ಜೋತಾಡುತ್ತಿರುವ ಪ್ರಯಾಣಿಕ. ಸಾಲ ಪಡೆಯುವುದು ಸರ್ಕಾರದ ನಿಗಮ. ಸಾಲದ ಮೊತ್ತ, ಕಂಡಕ್ಟರ್ ವಾಪಸು ಕೊಡಲಾಗದೆ ಉಳಿಸಿಕೊಂಡ ಚಿಲ್ಲರೆ. ಸಾಲಪತ್ರವನ್ನು ಟಿಕೆಟ್ಟಿನ ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದು, ಸುತ್ತಲೂ ಒಂದು ಗೆರೆ ಎಳೆದು ಕೊಡಲಾಗುತ್ತದೆ. ಅದರಲ್ಲಿ ಸಾಲಗಾರನ ಹೆಸರಾಗಲಿ, ಸಹಿಯಾಗಲಿ, ತೀರಿಸುವ ದಿನವಾಗಲಿ ಇರುವುದಿಲ್ಲ. ಒಂದು ಅಂಕಿ ಮಾತ್ರ ಇರುತ್ತದೆ. ಪ್ರಯಾಣಿಕ ತನ್ನ ಸ್ಟಾಪಿನಲ್ಲಿ ನೂಕುನುಗ್ಗಲಿನ ನಡುವೆ ಇಳಿದುಬಿಟ್ಟರೆ ಸಾಲ ತಾನಾಗಿಯೇ ಮನ್ನಾ ಆಗುತ್ತದೆ. ರೈತರ ಸಾಲ ಮನ್ನಾ ಮಾಡಲು ಅಧಿವೇಶನಗಳೇ ನಡೆಯಬೇಕು. ಇದಕ್ಕೆ ಬಸ್ಸಿನ ಬಾಗಿಲು ಮುಚ್ಚಿದರೆ ಸಾಕು.

ಈ ವ್ಯವಹಾರ ಹಳೆಯದೇ ಆದರೂ ಅದಕ್ಕೆ ಶಾಸ್ತ್ರೀಯ ತಳಹದಿ ದೊರೆತದ್ದು 2025ರ ಜನವರಿ 5ರಂದು. ಅಂದು ಸಾರಿಗೆ ನಿಗಮಗಳ ಬಸ್ ದರ ಶೇ 15ರಷ್ಟು ಏರಿತು. ಅದಕ್ಕೂ ಮೊದಲು ಬಿಎಂಟಿಸಿಯ ಸಾಮಾನ್ಯ ಬಸ್ಸಿನ ದರ 5, 10, 15, 20 ಎಂದು ಮಗ್ಗಿಯಂತೆ ಸಾಗುತ್ತಿತ್ತು. ಹತ್ತರ ನೋಟು ಮತ್ತು ಐದರ ನಾಣ್ಯ ಇದ್ದವರ ಬದುಕು ನಡೆಯುತ್ತಿತ್ತು. ಐದಕ್ಕೆ ಶೇ 15 ಸೇರಿಸಿದರೆ ಐದು ರೂಪಾಯಿ ಎಪ್ಪತ್ತೈದು ಪೈಸೆ. ನಾಲ್ಕಾಣೆಯ ಚಲಾವಣೆಯನ್ನು 2011ರಲ್ಲೇ ನಿಲ್ಲಿಸಲಾಗಿದೆ, ಎಂಟಾಣೆಗೆ ಕಾನೂನಿನ ಮಾನ್ಯತೆ ಇದ್ದರೂ ಅಂಗಡಿಯವನ ಮಾನ್ಯತೆ ಇಲ್ಲ. ಆದ್ದರಿಂದ ಐದು ಆರಾಯಿತು. ಅದೇ ನ್ಯಾಯದಲ್ಲಿ ಹತ್ತು ಹನ್ನೆರಡಾಯಿತು, ಹದಿನೈದು ಹದಿನೆಂಟಾಯಿತು. ಕಾಗದ ಪೆನ್ನು ಹಿಡಿದು ಕುಳಿತರೆ ಈ ಮೂರೂ ಏರಿಕೆಗಳು ಕರಾರುವಾಕ್ಕಾಗಿ ಶೇ 20 ಎಂಬುದು ತಿಳಿಯುತ್ತದೆ. ಸಚಿವ ಸಂಪುಟ ಹದಿನೈದು ಎಂದದ್ದು ಬಸ್ಸಿಗೆ ಇಪ್ಪತ್ತು ಎಂದು ಕೇಳಿಸಿತು ಎಂದಷ್ಟೇ ಹೇಳಬಹುದು. ಎಂಜಿನ್ ಸದ್ದು ಜಾಸ್ತಿ ಇದ್ದೀತು. ಇಪ್ಪತ್ತರ ಟಿಕೆಟ್ಟು ಮಾತ್ರ ಇಪ್ಪತ್ಮೂರಾಗಿ, ಘೋಷಿಸಿದ ಪ್ರಮಾಣಕ್ಕೆ ಬದ್ಧವಾಗಿ ಉಳಿಯಿತು. ಹೀಗಾಗಿ ಸರ್ಕಾರದ ಮಾತಿನ ಮೇಲೆ ನಂಬಿಕೆ ಇಡಬೇಕೆನ್ನುವವರು ಹತ್ತಿರದ ಸ್ಟಾಪಿನಲ್ಲಿ ಇಳಿಯದೆ ಸ್ವಲ್ಪ ದೂರ ಹೋಗುವುದು ಒಳ್ಳೆಯದು.

ಬಸ್ಸಿನೊಳಗೆ ‘ಸರಿಯಾದ ಚಿಲ್ಲರೆ ಕೊಟ್ಟು ಸಹಕರಿಸಿ’ ಎಂಬ ಬರಹ ಇರುತ್ತದೆ. ದರವನ್ನು ಆರು, ಹನ್ನೆರಡು, ಹದಿನೆಂಟು ಎಂದು ನಿಗದಿ ಮಾಡಿದವರು ಯಾರಿಗೆ ಸಹಕರಿಸಿದರು ಎಂಬ ಬರಹ ಎಲ್ಲಿಯೂ ಕಾಣುವುದಿಲ್ಲ. ಕಂಡಕ್ಟರರನ್ನು ಬೈದು ಪ್ರಯೋಜನವಿಲ್ಲ. ಅವರ ಚೀಲದಲ್ಲಿರುವ ಹಣಕ್ಕೂ ಮಾರಿದ ಟಿಕೆಟ್ಟುಗಳ ಲೆಕ್ಕಕ್ಕೂ ತಾಳೆ ಆಗಬೇಕು. ಕಡಿಮೆಯಾದರೆ ಕೈಯಿಂದ ಕಟ್ಟಬೇಕು, ಹೆಚ್ಚಾದರೆ ತನಿಖೆಗೆ ಹತ್ತಿದವರ ಮುಂದೆ ಕೈಕಟ್ಟಬೇಕು. ಜನ ಕೇಳದೆ ಬಿಟ್ಟುಹೋದ ನಾಲ್ಕು, ಎರಡು ರೂಪಾಯಿಗಳು ಆ ಚೀಲದಲ್ಲಿ ಕೂತು ಅವರನ್ನು ಅಪರಾಧಿಯನ್ನಾಗಿ ಮಾಡುತ್ತವೆ.

ಇಕ್ಕಟ್ಟಿನಲ್ಲಿರುವ ಮನುಷ್ಯ ಹೊಸದನ್ನು ಕಂಡುಹಿಡಿಯುತ್ತಾನೆ. ಮೆಜೆಸ್ಟಿಕ್ ಬಿಟ್ಟ ಬಸ್ಸು ಕಾರ್ಪೊರೇಷನ್ ತಲುಪುವಷ್ಟರಲ್ಲಿ ಹನ್ನೆರಡರ ಟಿಕೆಟ್ಟಿಗೆ ಇಪ್ಪತ್ತು ಕೊಟ್ಟ ಒಬ್ಬ ಹಿರಿಯರೂ ಹದಿನೆಂಟರ ಟಿಕೆಟ್ಟಿಗೆ ಇಪ್ಪತ್ತು ಕೊಟ್ಟ ಒಬ್ಬ ಹುಡುಗನೂ ಅಕ್ಕಪಕ್ಕ ನಿಂತಿರುತ್ತಾರೆ. ಕಂಡಕ್ಟರ್ ಒಂದು ಹತ್ತರ ನೋಟನ್ನು ಹಿರಿಯರ ಕೈಗೆ ತುರುಕಿ, “ಸಾರ್, ನಿಮಗೆ ಎಂಟು, ಅವರಿಗೆ ಎರಡು, ಇಬ್ಬರೂ ನೋಡ್ಕೊಳ್ಳಿ” ಎಂದು ಮುಂದಕ್ಕೆ ಸಾಗುತ್ತಾರೆ. ಹಿರಿಯರ ಬಳಿ ಎರಡು ರೂಪಾಯಿ ಚಿಲ್ಲರೆ ಇದ್ದಿದ್ದರೆ ಅದನ್ನು ಮೊದಲೇ ಕಂಡಕ್ಟರಿಗೆ ಕೊಟ್ಟು ಸಲೀಸಾಗಿ ಹತ್ತು ವಾಪಸು ಪಡೆಯುತ್ತಿದ್ದರು ಎಂಬ ಸಣ್ಣ ವಿಷಯವನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಹೀಗೆ ಪರಸ್ಪರ ಹೆಸರೂ ತಿಳಿಯದ ಇಬ್ಬರು ನಾಗರಿಕರು ಒಂದು ಪಾಲುದಾರಿಕೆ ವ್ಯವಹಾರಕ್ಕೆ ಒಳಗಾಗುತ್ತಾರೆ. ಹಿರಿಯರ ಸ್ಟಾಪು ಮೊದಲು ಬರುತ್ತದೆ. ಹುಡುಗ ಎರಡು ರೂಪಾಯಿಗಾಗಿ ಅವರ ಜೊತೆ ಇಳಿದರೆ ಮುಂದಿನ ಬಸ್ಸಿಗೆ ಹೊಸ ಟಿಕೆಟ್ಟು ಬೇಕು. ಇಳಿಯದಿದ್ದರೆ ಹಿರಿಯರು ಒಬ್ಬ ಅಪರಿಚಿತನ ಋಣ ಹೊತ್ತು ಮನೆಗೆ ಹೋಗಬೇಕು. ಪುಣ್ಯವಂತರು “ಇರ್ಲಿ ಬಿಡಿ ಅಂಕಲ್” ಎನ್ನುತ್ತಾರೆ. ನಗರ ಸಾರಿಗೆಯ ಆರ್ಥಿಕತೆ ನಿಂತಿರುವುದು ಡೀಸೆಲ್ ಮೇಲಲ್ಲ, ಈ ‘ಇರ್ಲಿ ಬಿಡಿ’ಯ ಮೇಲೆ.

ಪಾಲುದಾರ ಸಿಗದ ಒಂಟಿ ಪ್ರಯಾಣಿಕನಿಗೆ “ಇಳಿಯುವಾಗ ಇಸ್ಕೊಳ್ಳಿ” ಎಂಬ ಉತ್ತರ ದೊರೆಯುತ್ತದೆ. ಇಳಿಯುವಾಗ ಆತ ಹಿಂಬಾಗಿಲಲ್ಲಿ, ಕಂಡಕ್ಟರ್ ಮುಂಬಾಗಿಲಲ್ಲಿ.

ಇದಕ್ಕೆಲ್ಲ ಮದ್ದಾಗಿ ಯುಪಿಐ ಬಂದಿದೆ ಎಂದು ಬಲ್ಲವರು ಹೇಳುತ್ತಾರೆ. ಬಂದಿರುವುದು ನಿಜ. ಒಂದು ಕೈ ಕಂಬಿಯ ಮೇಲೆ, ಹೆಗಲಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು, ಎರಡು ತಲೆಗಳ ಸಂದಿಯಲ್ಲಿ ಕಾಣುವ ಕ್ಯೂಆರ್ ಕೋಡಿಗೆ ಗುರಿಯಿಟ್ಟು, ಚಾಲಕ ಬ್ರೇಕ್ ಹಾಕದ ಕ್ಷಣ ನೋಡಿ ಪಿನ್ ಒತ್ತಿದರೆ ಆರು ರೂಪಾಯಿ ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಹೊರಡುತ್ತದೆ. ಪರದೆಯ ಮೇಲಿನ ಚಕ್ರವೂ ಬಸ್ಸಿನ ಚಕ್ರವೂ ಒಟ್ಟಿಗೆ ತಿರುಗುತ್ತವೆ. ಸಾಮಾನ್ಯವಾಗಿ ಬಸ್ಸಿನದೇ ಮೊದಲು ತಲುಪುತ್ತದೆ.

ಚಿಲ್ಲರೆಯ ರೋಗಕ್ಕೆ ಶಸ್ತ್ರಚಿಕಿತ್ಸೆಯನ್ನೇ ಮಾಡಿದ ಕೀರ್ತಿ ‘ನಮ್ಮ ಮೆಟ್ರೊ’ಗೆ ಸಲ್ಲಬೇಕು. 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದಾಗ ದರಪಟ್ಟಿಯನ್ನು 10, 20, 30 ಎಂದು ಹತ್ತತ್ತರ ಮೆಟ್ಟಿಲಿನಲ್ಲಿ ಜೋಡಿಸಲಾಯಿತು. ಒಂದೆರಡು ರೂಪಾಯಿ ವಾಪಸು ಕೊಡುವ ಗೋಜೇ ಇಲ್ಲದಂತೆ ಇಡೀ ಹತ್ತನ್ನು ತೆಗೆದುಕೊಂಡುಬಿಡುವುದು ನಿಜಕ್ಕೂ ಸರಳ ಉಪಾಯ. ಗಲಾಟೆಯಾದ ಮೇಲೆ ಕೆಲವು ದೂರಗಳ ದರ ಇಳಿಯಿತು. ಗರಿಷ್ಠ ತೊಂಬತ್ತು ಅಲ್ಲಾಡಲಿಲ್ಲ. ಅದರ ಜೊತೆಗೇ ಸ್ಮಾರ್ಟ್ ಕಾರ್ಡಿನಲ್ಲಿ ಇರಬೇಕಾದ ಕನಿಷ್ಠ ಮೊತ್ತವೂ 50ರಿಂದ 90ಕ್ಕೆ ಏರಿತು. ಹತ್ತು ರೂಪಾಯಿ ದೂರಕ್ಕೆ ಹೋಗುವವನೂ ಗೇಟಿನ ಮುಂದೆ ತೊಂಬತ್ತರ ಆಸ್ತಿವಂತನಾಗಿ ನಿಲ್ಲಬೇಕು. ಬಸ್ಸಿನಲ್ಲಿ ಸಾಲ ಕೊಟ್ಟದ್ದಕ್ಕೆ ಪೆನ್ನಿನ ಗೀಚಾದರೂ ಸಿಗುತ್ತದೆ. ಇಲ್ಲಿ ಸಿಗುವುದು ಒಂದು ‘ಟಿಣ್’ ಸದ್ದು.

ಈ ಊರಿನಲ್ಲಿ ಚಿಲ್ಲರೆಯ ಚಿಂತೆ ಇಲ್ಲದೆ ಪಯಣಿಸುವವರು ಮಹಿಳೆಯರು ಮಾತ್ರ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಡಿ ಅವರು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುತ್ತಾರೆ. ಸೊನ್ನೆಗೆ ಯಾರೂ ವಾಪಸು ಚಿಲ್ಲರೆ ಕೊಡಬೇಕಾಗಿಲ್ಲ. ಸಾರಿಗೆಯ ಇತಿಹಾಸದಲ್ಲಿ ಅತ್ಯಂತ ವಿವೇಕದಿಂದ ನಿಗದಿಯಾದ ದರ ಇದೇ ಇರಬೇಕು. ಆದರೆ ಆ ಸೊನ್ನೆಗೂ ಬೆನ್ನೊಂದಿದೆ. ಶೂನ್ಯ ಟಿಕೆಟ್ಟುಗಳನ್ನು ಎಣಿಸಿ ಅವುಗಳ ಹಣವನ್ನು ಸರ್ಕಾರ ನಿಗಮಗಳಿಗೆ ಕಟ್ಟಿಕೊಡಬೇಕು, ಮತ್ತು ಅದರಲ್ಲಿ ಬಾಕಿ ಉಳಿಯುತ್ತಲೇ ಬಂದಿದೆ. ಅಂದರೆ ಪ್ರಯಾಣಿಕನಿಗೆ ನಿಗಮ ಬಾಕಿ, ನಿಗಮಕ್ಕೆ ಸರ್ಕಾರ ಬಾಕಿ. ಒಂದೇ ಸಂಪ್ರದಾಯ, ಅಂಕಿಯಲ್ಲಿ ಮಾತ್ರ ವ್ಯತ್ಯಾಸ.

ಹಾಗಿದ್ದ ಮೇಲೆ ವಿಧಾನವೂ ಒಂದೇ ಇರಲಿ. ಹಣಕಾಸು ಇಲಾಖೆಯವರು ನಿಗಮಕ್ಕೆ ಸಲ್ಲಬೇಕಾದ ಕೋಟಿಗಳನ್ನು ಯಾವುದಾದರೂ ಟಿಕೆಟ್ಟಿನ ಬೆನ್ನ ಮೇಲೆ ಬರೆದು, ಸುತ್ತ ಗೆರೆ ಎಳೆದು ಕೊಟ್ಟುಬಿಡಬಹುದು. ನಿಗಮದ ಅಧಿಕಾರಿಗಳು ಹಣ ಯಾವಾಗ ಬರುತ್ತದೆ ಎಂದು ಕೇಳಿದರೆ, ಇಳಿಯುವಾಗ ಇಸ್ಕೊಳ್ಳಿ ಎಂದರಾಯಿತು. ಸರ್ಕಾರಗಳು ಐದು ವರ್ಷಕ್ಕೊಮ್ಮೆಯಾದರೂ ಇಳಿಯುತ್ತವೆ. ಆದರೆ ಯಾವ ಬಾಗಿಲಿನಿಂದ ಎಂಬುದನ್ನು ನಿಗಮದವರು ಮೊದಲೇ ನೋಡಿಟ್ಟುಕೊಳ್ಳಬೇಕು.